ಲಂಡನ್ನಿನ ಆರ್ಕೆಸ್ಟ್ರಾ, ನಮ್ಮೂರ ಬ್ಯಾಂಡ್‌ಸೆಟ್

ನಾವು ನಾಲ್ವರು ರೂಮ್‌ಮೇಟ್‌ಗಳು. ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್.ಪೇಟೆ, ನಾಗಮಂಗಲ, ಹೀಗೆ ತಾಲ್ಲೂಕಿಗೊಬ್ಬರು. ನಮ್ಮ ಕಡೆ ಆರ್ಕೆಸ್ಟ್ರಾ ಅಂದ್ರೆ ಗಣಪತಿ ಹಬ್ಬದಲ್ಲಿ ಸಿನಿಮಾ ಹಾಡು ಹಾಡೋ ತಂಡ, ಅಷ್ಟೇ.

ಶ್ರೀರಂಗಪಟ್ಟಣದ ದಸರಾದಲ್ಲಿ ಪೊಲೀಸ್ ಬ್ಯಾಂಡ್ ಕೇಳುವಾಗ ನಮ್ಮಲ್ಲೊಬ್ಬ, "ಪೊಲೀಸ್ರಿಗೆ ಇಂಗ್ಲಿಷ್ ಸಂಗೀತ ಯಾಕ್ಲಾ?" ಅಂದ. ಹುಡುಕಿದೆವು. ಅದರ ಮೂಲ ಮೈಸೂರು ಅರಮನೆಯ ಬ್ಯಾಂಡ್. ಹುಡುಕುತ್ತಾ ಹೋದರೆ ದಾರಿ ಲಂಡನ್ನಿಗೇ ಮುಟ್ಟಿತು!

1945ರಲ್ಲಿ ವಾಲ್ಟರ್ ಲೆಗ್ ಅಲ್ಲಿ ಫಿಲ್‌ಹಾರ್ಮೋನಿಯಾ ಎಂಬ ಸಿಂಫನಿ ಆರ್ಕೆಸ್ಟ್ರಾ ಕಟ್ಟಿದರು. ಅದು ಗಟ್ಟಿಯಾಗಿ ನಿಲ್ಲಲು ನೆರವಾದವರು ನಮ್ಮ ಜಯಚಾಮರಾಜ ಒಡೆಯರ್. ವರ್ಷಕ್ಕೆ 10,000 ಪೌಂಡಿನಂತೆ 3 ವರ್ಷ ಹಣ ಕೊಡಲು ಒಪ್ಪಿದರು, 1948ರಲ್ಲಿ ಅದರ ಕಾನ್ಸರ್ಟ್ ಸೊಸೈಟಿಯ ಮೊದಲ ಅಧ್ಯಕ್ಷರಾದರು. ರಷ್ಯಾದ ಮೆಟ್ನರ್ ಅವರ ಕೃತಿಗಳ ಧ್ವನಿಮುದ್ರಣಕ್ಕೂ ಇವರದೇ ದುಡ್ಡು. ಮೆಟ್ನರ್ ತಮ್ಮ 3ನೇ ಪಿಯಾನೋ ಕಾನ್ಸರ್ಟೋವನ್ನು ಇವರಿಗೇ ಅರ್ಪಿಸಿದರು.

1950ರ ಮೇ 22ರಂದು ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ರಿಚರ್ಡ್ ಸ್ಟ್ರೌಸ್ ಅವರ ಕೊನೆಯ ನಾಲ್ಕು ಹಾಡುಗಳ ಮೊದಲ ಪ್ರದರ್ಶನ. ಮಹಾರಾಜರಿಗೆ ಹೋಗಲಾಗಲಿಲ್ಲ. ಖರ್ಚಿಗೆ ತಾವು ಹೊಣೆ ನಿಂತು, ಧ್ವನಿಮುದ್ರಣವನ್ನು ಮೈಸೂರಿಗೆ ತರಿಸುವ ವ್ಯವಸ್ಥೆ ಮಾಡಿದ್ದರು. ಕೇಳಬೇಕೆಂಬ ಆಸೆ ಅಂದ್ರೆ ಅದು! 1964ರಲ್ಲಿ ಲೆಗ್ ಆರ್ಕೆಸ್ಟ್ರಾ ನಿಲ್ಲಿಸಹೊರಟಾಗ ವಾದಕರೇ ಸೇರಿ ಉಳಿಸಿಕೊಂಡರು. ಇವತ್ತಿಗೂ ಅದು ನಡೀತಿದೆ.

ಇದನ್ನೆಲ್ಲಾ ಓದಿ ಹೆಮ್ಮೆಯಿಂದ ಬೀಗುತ್ತಿದ್ದೆವು. ಆಗ ನಾಗಮಂಗಲದವನು ಮೆಲ್ಲಗೆ ಹೇಳಿದ: "ನಮ್ ಚಿಕ್ಕಪ್ಪನೂ ಬ್ಯಾಂಡ್‌ಸೆಟ್‌ನಲ್ಲಿ ಟ್ರಂಪೆಟ್ ಊದ್ತಾರೆ ಕಣ್ರೋ."

ರೂಮೆಲ್ಲಾ ಗಪ್‌ಚುಪ್. ಯಾಕಂದ್ರೆ ಹೋದ ವರ್ಷ ರಾಜ್ಯೋತ್ಸವದ ಮೆರವಣಿಗೆಗೆ "ಬ್ಯಾಂಡ್‌ಸೆಟ್ ಬ್ಯಾಡ, ಹಳೇದಾಯ್ತು" ಅಂತ ಡಿಜೆ ಹಾಕಿಸಿದ್ದು ನಾವೇ. ಅವತ್ತು ಅವನೂ ಕೈ ಎತ್ತಿದ್ದ, ನಾಚಿಕೆಗೆ. ಮದುವೆಗಳಿಗೂ ಡಿಜೆ ಬಂದು, ಅವರ ತಂಡದ ಅರ್ಧ ಜನ ಈಗ ಬೇರೆ ಕೆಲಸ ಹಿಡಿದಿದ್ದಾರಂತೆ. ಲಂಡನ್ನಿನ ಆರ್ಕೆಸ್ಟ್ರಾ ಉಳಿಸಿದ ಮಹಾರಾಜರ ಬಗ್ಗೆ ಮಾತಾಡೋಕೆ ನಮಗೆ ಯಾವ ಮುಖ?

ಈ ಸಲ ಡಿಜೆ ದುಡ್ಡು ಬ್ಯಾಂಡ್‌ಸೆಟ್‌ಗೆ. ಫೋನ್ ಮಾಡಿದಾಗ ಚಿಕ್ಕಪ್ಪ ಕೇಳಿದ್ದು ರೇಟು ಅಲ್ಲ. "ಹುಡುಗ್ರು ನಿಂತ್ಕಂಡು ಕೇಳ್ತಾರೇನ್ರಪ್ಪಾ?"

"ಕೇಳ್ತಾರೆ ಚಿಕ್ಕಪ್ಪ" ಅಂದುಬಿಟ್ಟಿದ್ದೇವೆ. ನಿಮ್ಮನ್ನು ನಂಬಿಕೊಂಡು. ಬರ್ತೀರಲ್ವಾ?