ರೋಗಿ ಗಿಳಿ ಮತ್ತು ಬಂಧದೋಷ

ಗರಿ ಉಬ್ಬಿಸಿ ಮಂಕಾಗಿ ಕುಳಿತ ಗಿಳಿಯ ಕೊಕ್ಕು ಬಿಡಿಸಿ ಸೊಸೆ ನೀರೆರೆಯಹೋದಾಗ ಮನೆಯ ಹಿರಿಯರು ತಡೆದರು. ನೀರು ಶ್ವಾಸನಾಳಕ್ಕೆ ಇಳಿದರೆ ದಯೆಯೇ ವಧೆಯಾಗುತ್ತದೆ. ಪಂಜರದ ಮೂರು ಬದಿಗೆ ಬಟ್ಟೆ ಹೊದಿಸಿ ಬೆಚ್ಚಗಿರಿಸಿ, ಪಶುವೈದ್ಯರನ್ನು ಕರೆಸಿದರು. ಜೇನು ನೆಕ್ಕಿಸಿರೆಂದು ನೆರೆಯವರ ಸಲಹೆ. ಶ್ರಾವಕರ ಮನೆಯಲ್ಲಿ ಜೇನೆಲ್ಲಿಯದು!

ವಾರದಲ್ಲಿ ಗಿಳಿ ಚೇತರಿಸಿತು. ಹಿರಿಯರಿಗೆ ಮಾತ್ರ ಸಮಾಧಾನವಾಗಲಿಲ್ಲ. ತತ್ತ್ವಾರ್ಥಸೂತ್ರವು ಅಹಿಂಸಾಣುವ್ರತದ ಐದು ಅತಿಚಾರಗಳಲ್ಲಿ ಮೊದಲು ಎಣಿಸುವುದು ಬಂಧವನ್ನು, ಅನ್ನಪಾನನಿರೋಧ ಕೊನೆಯದು. ಹೊತ್ತುಹೊತ್ತಿಗೆ ಹಣ್ಣಿಟ್ಟ ಮಾತ್ರಕ್ಕೆ ಮೊದಲನೆಯದು ತೊಡೆದುಹೋಗದು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯೂ ಈ ದೇಶದ ಗಿಳಿಗಳನ್ನು ಹಿಡಿದಿಡಲು ಬಿಡದು. ದೆಹಲಿಯ ಲಾಲ್ ಮಂದಿರದ ಪಕ್ಷಿ ಆಸ್ಪತ್ರೆಯಲ್ಲಿ ಗುಣವಾದ ಹಕ್ಕಿಯನ್ನು ಹಾರಬಿಡುವುದೇ ರೂಢಿ.

ಆದರೆ ಈ ಗಿಳಿಯ ರೆಕ್ಕೆ ಕತ್ತರಿಸಲಾಗಿತ್ತು. ಹೊರಬಿಟ್ಟರೆ ಬೆಕ್ಕಿನ ಪಾಲು. ಹೊಸ ಗರಿ ಮೂಡುವವರೆಗೆ ನೋಡಿಕೊಳ್ಳಲೆಂದು ಅರಣ್ಯ ಇಲಾಖೆಯವರಿಗೆ ಒಪ್ಪಿಸಿದರು. ಮೊಮ್ಮಗಳು ಎರಡು ದಿನ ಅವರೊಡನೆ ಮಾತಾಡಲಿಲ್ಲ.