ಫಾರ್ಮ್‌ವಿಲ್‌ನಲ್ಲಿ ನಮಗೊಂದು ಹೊಲ ಇತ್ತು

ಮೊನ್ನೆ ಭಾನುವಾರ ಭೂಮಿ ಹಕ್ಕಿನ ಸಭೆ ಮುಗಿಸಿ ಬಸ್ ಸ್ಟ್ಯಾಂಡ್ ಹತ್ತಿರ ಟೀ ಕುಡಿಯುತ್ತಾ ನಿಂತಿದ್ದೆವು. ಹೊಸದಾಗಿ ಸಂಘಟನೆಗೆ ಬಂದಿರುವ ಹುಡುಗನೊಬ್ಬ ಕೇಳಿದ: "ಅಣ್ಣ, ಭೂಮಿ ಭೂಮಿ ಅಂತ ಇಷ್ಟು ಮಾತಾಡ್ತೀರಲ್ಲ, ನೀವು ಯಾವತ್ತಾದ್ರೂ ಸ್ವಂತ ಹೊಲ ಉತ್ತಿದ್ದೀರಾ?"

"ಉತ್ತಿದ್ದೀನಿ ಕಣಪ್ಪ, ಫಾರ್ಮ್‌ವಿಲ್‌ನಲ್ಲಿ" ಅಂದೆ.

ನನ್ನ ವಯಸ್ಸಿನವರೆಲ್ಲ ನಕ್ಕರು. ನಾನೂ ನಕ್ಕೆ. ಆ ಹುಡುಗನಿಗೆ ಅದೇನು ಅಂತಲೇ ಗೊತ್ತಿರಲಿಲ್ಲ. ರಾತ್ರಿ ಮನೆಗೆ ಬಂದ ಮೇಲೆ ಆ ಮಾತು ಬಿಡಲಿಲ್ಲ. ಅದಕ್ಕೇ ಬರೀತಿದ್ದೀನಿ. ಸ್ವಲ್ಪ ಉದ್ದ ಆಗುತ್ತೆ, ಪುರುಸೊತ್ತಿದ್ದಾಗ ಓದಿ.

ಗೊತ್ತಿಲ್ಲದವರಿಗೆ ಹೇಳ್ತೀನಿ. ಫಾರ್ಮ್‌ವಿಲ್ ಅಂದ್ರೆ 2009ರ ಜೂನ್‌ನಲ್ಲಿ ಝಿಂಗಾ ಅನ್ನೋ ಕಂಪನಿ ಶುರು ಮಾಡಿದ ಆಟ. ಇದೇ ಫೇಸ್‌ಬುಕ್ಕಿನ ಒಳಗೇ ಆಡೋದು. ನಿಮಗೊಂದು ಚಿಕ್ಕ ಹೊಲ ಕೊಡ್ತಾರೆ. ಉಳಬೇಕು, ಬಿತ್ತಬೇಕು, ಬೆಳೆ ಬಂದಾಗ ಕೊಯ್ಯಬೇಕು. ಸ್ಟ್ರಾಬೆರಿ 4 ಗಂಟೆಗೆ ಬರುತ್ತೆ, ಕುಂಬಳ 8 ಗಂಟೆಗೆ, ಭತ್ತ 12 ಗಂಟೆಗೆ, ಗೋಧಿಗೆ 3 ದಿನ. ಹೊತ್ತಿಗೆ ಸರಿಯಾಗಿ ಕೊಯ್ಯದಿದ್ದರೆ ಬೆಳೆ ಒಣಗಿಹೋಗುತ್ತೆ. ಬಂದ ಕಾಸಲ್ಲಿ ಮರ, ಹಸು, ಬೇಲಿ, ಮನೆ, ಟ್ರ್ಯಾಕ್ಟರ್ ತಗೋಬಹುದು. 2010ರಲ್ಲಿ ಜಗತ್ತಿನಾದ್ಯಂತ ತಿಂಗಳಿಗೆ 8 ಕೋಟಿಗೂ ಹೆಚ್ಚು ಜನ ಇದನ್ನು ಆಡ್ತಿದ್ದರು. ಅದರಲ್ಲಿ ನಾನೊಬ್ಬ. ಲೆಕ್ಕಕ್ಕೆ ಬಾರದ ಇನ್ನೊಬ್ಬರು ನಮ್ಮವ್ವ.

ಆಗ ನನಗೆ ಮೂವತ್ತು. ಬಿಎ ಮುಗಿಸಿ ಕ್ಲರ್ಕ್ ಕೆಲಸಕ್ಕೆ ಸೇರಿ ನಾಲ್ಕೈದು ವರ್ಷ ಆಗಿತ್ತು. ತಾಲ್ಲೂಕು ಕೇಂದ್ರದಲ್ಲಿ ಎರಡು ರೂಮಿನ ಬಾಡಿಗೆ ಮನೆ. ಮಂಡಿನೋವು ಅಂತ ಅವ್ವನನ್ನು ಊರಿಂದ ಕರಕೊಂಡು ಬಂದಿದ್ದೆ. ಸೆಕೆಂಡ್ ಹ್ಯಾಂಡ್ ಕಂಪ್ಯೂಟರ್ ಒಂದು ತಗೊಂಡು, ಡಾಂಗಲ್ ಹಾಕಿಸಿದ್ದೆ. ಕರಪತ್ರ ಟೈಪ್ ಮಾಡೋಕೆ ಅಂತ ತಗೊಂಡಿದ್ದು. ಆದರೆ ನಿಜ ಹೇಳ್ಬೇಕು ಅಂದ್ರೆ ಕರಪತ್ರಕ್ಕಿಂತ ಹೆಚ್ಚು ಕುಂಬಳಕಾಯಿ ಬೆಳೆದೆ.

ನಲವತ್ತು ವರ್ಷ ಬೇರೆಯವರ ಗದ್ದೇಲಿ ನಾಟಿ ಹಾಕಿ, ಕಳೆ ಕಿತ್ತು, ಕೊಯ್ಲು ಮಾಡಿ ಬಂದ ಹೆಂಗಸು ನಮ್ಮವ್ವ. ಮೊದಮೊದಲು ಬೈದರು. "ಮಣ್ಣೇ ಇಲ್ದಿರೋ ಹೊಲ ಏನ್ಲಾ ಇದು?" ಅಂದ್ರು. ಆಮೇಲೆ ಹಿಂದೆ ಕುರ್ಚಿ ಹಾಕ್ಕೊಂಡು ಕೂತರು. ಆಮೇಲೆ ಬುದ್ಧಿ ಹೇಳೋಕೆ ಶುರು ಮಾಡಿದರು. "ಅಲ್ಲಿ ಯಾಕ್ಲಾ ಖಾಲಿ ಬುಟ್ಟಿದ್ದೀಯ? ಈ ಕಡಿಂದ ಸಾಲಾಗಿ ಹಾಕು. ಓಡಾಡಕ್ಕೆ ಬದ ಬುಡು." ಆಟದಲ್ಲಿ ಬದುವಿನ ಅಗತ್ಯವೇ ಇಲ್ಲ, ಜಾಗ ದಂಡ ಅಷ್ಟೇ. ಆದರೂ ಬಿಟ್ಟೆ.

"ರಾಗಿ ಇಲ್ವೇನ್ಲಾ?" ಅಂತ ಕೇಳಿದ್ರು. ನಾನು ನೋಡಿದ ಪಟ್ಟಿಯಲ್ಲಿ ರಾಗಿ ಇರಲಿಲ್ಲ. "ಭತ್ತ ಐತೆ ಕಣವ್ವ" ಅಂದೆ. "ಹಂಗಾದ್ರೆ ಭತ್ತವೇ ಹಾಕು. ನಮ್ಮ ಗದ್ದೇಲೂ ಒಂದ್ಸಲ ಭತ್ತ ಆಗ್ಲಿ." ಸಂಜೆ ಹಾಕಿದ ಭತ್ತ ಬೆಳಗ್ಗೆ ತೆನೆ ಬಿಟ್ಟು ನಿಂತಿದ್ದು ನೋಡಿ ಬಾಯಿಗೆ ಸೆರಗು ಮುಚ್ಕೊಂಡು ನಕ್ಕರು. ಆಟದಲ್ಲಿ ಗುಲಾಬಿ ಬಣ್ಣದ ಹಸು ಬರ್ತಿತ್ತು, ಅದು ಸ್ಟ್ರಾಬೆರಿ ಹಾಲು ಕೊಡ್ತಿತ್ತು. ಅದನ್ನು ನೋಡಿ ನಕ್ಕಿದ್ದಂತೂ ಪಕ್ಕದ ಮನೆಗೂ ಕೇಳಿಸಿರಬೇಕು.

ಒಂದು ದಿನ ಮನೆ ಕೊಳ್ಳುವಷ್ಟು ಕಾಸು ಆಯಿತು. ಬೆಳೆಗೆ ಜಾಗ ಉಳಿಯಲಿ ಅಂತ ನಾನು ಮನೆಯನ್ನು ಹೊಲದ ಒಂದು ಮೂಲೆಗೆ ಇಟ್ಟೆ. ಅವ್ವ ಸ್ವಲ್ಪ ಹೊತ್ತು ಸುಮ್ಮನೆ ನೋಡಿದ್ರು.

"ಅದನ್ನ ನಡುವ್ಕೆ ತಕ್ಕೊಂಡ್ ಬಾ. ಇಲ್ಲೂ ಊರಾಚೆನೇ ಇರ್ಬೇಕಾ?"

ಬಿತ್ತಿದ್ದ ಪಾತಿಗಳನ್ನೆಲ್ಲ ಅಳಿಸಿ ಮನೆಯನ್ನು ನಟ್ಟನಡುವೆ ತಂದಿಟ್ಟೆ. ನಾನು ಅಷ್ಟು ಹೊತ್ತಿಗೆ ಬಾಬಾಸಾಹೇಬರನ್ನು ಓದಿದ್ದೆ, ವೇದಿಕೆಗಳಲ್ಲಿ ಮಾತಾಡಿದ್ದೆ. ಒಂದಕ್ಷರ ಓದದ ನನ್ನವ್ವ ಒಂದು ಆಟದ ಮನೆ ಎಲ್ಲಿರಬೇಕು ಅನ್ನೋದರಲ್ಲಿ ಎಲ್ಲ ಹೇಳಿಬಿಟ್ಟಿದ್ದರು.

ಈ ಆಟದಲ್ಲಿ 'ನೆರೆಹೊರೆ' ಅಂತ ಒಂದು ವ್ಯವಸ್ಥೆ. ಫೇಸ್‌ಬುಕ್ ಗೆಳೆಯರನ್ನು ಅಕ್ಕಪಕ್ಕದ ಹೊಲದವರನ್ನಾಗಿ ಮಾಡ್ಕೋಬೇಕು. ಅವರು ನಮ್ಮ ಹೊಲಕ್ಕೆ ಬಂದು ಗೊಬ್ಬರ ಹಾಕಿ ಹೋಗ್ತಾರೆ, ನಾವು ಅವರ ಹೊಲಕ್ಕೆ ಹೋಗಿ ಹಾಕಬೇಕು. ಗೊಬ್ಬರ ಬಿದ್ದ ಬೆಳೆ ಮಿಣಮಿಣ ಮಿಂಚುತ್ತೆ. ನನ್ನ ನೆರೆಯವರಲ್ಲಿ ನಮ್ಮೂರಿನ ಒಬ್ಬ ಸಹಪಾಠಿ ಇದ್ದ. ಹೆಸರು, ಜಾತಿ ಬೇಡ. ಅವರ ಮನೆ ಗದ್ದೆಯಲ್ಲೇ ಅವ್ವ ಹೆಚ್ಚು ಕಾಲ ದುಡಿದಿದ್ದು. ಅವ ಬೆಂಗಳೂರಲ್ಲಿ ಕೆಲಸದಲ್ಲಿದ್ದ, ದಿನಾ ತಪ್ಪದೆ ಬಂದು ಗೊಬ್ಬರ ಹಾಕ್ತಿದ್ದ.

"ಅವ್ರ ಮಗ ನಮ್ಮೊಲಕ್ಕೆ ಗೊಬ್ಬರ ಹಾಕಕ್ಕೆ ಬಂದವ್ನೇನ್ಲಾ!" ಅಂತ ಅವ್ವ ಎದ್ದು ನಿಂತೇಬಿಟ್ಟಿದ್ದರು. ಅದು ಖುಷಿಯೋ ಗಾಬರಿಯೋ ಇವತ್ತಿಗೂ ನನಗೆ ಸರಿಯಾಗಿ ಗೊತ್ತಿಲ್ಲ. ಆಮೇಲೆ, "ನೀನೂ ಹೋಗಿ ಹಾಕ್ಬುಡು, ಋಣ ಇಟ್ಕೋಬ್ಯಾಡ" ಅಂದ್ರು.

ಇದನ್ನು ದೊಡ್ಡ ಬದಲಾವಣೆ ಅಂತ ನಾನು ಹೇಳ್ತಿಲ್ಲ. ಆ ಗೆಳೆಯ ಊರಿನ ಜಾತ್ರೆಗೆ ಬಂದಾಗ ಬಸ್ ನಿಲ್ದಾಣದಲ್ಲೇ ಸಿಕ್ಕಿ, "ಏನೋ, ನಿನ್ ಫಾರ್ಮು ಜೋರಾಗಿದೆ" ಅಂತ ಬೆನ್ನು ತಟ್ಟಿ ಮಾತಾಡಿದ. ನಮ್ಮ ಕೇರಿಗೆ ಬರಲಿಲ್ಲ. ನಾನೂ ಕರೆಯಲಿಲ್ಲ. ಕರೆದಿದ್ರೆ ಬರ್ತಿದ್ನೇನೋ. ಕರೆಯೋ ಧೈರ್ಯ ನನಗೂ ಇರಲಿಲ್ಲ ಅನ್ನೋದನ್ನೂ ಬರೆದುಬಿಡ್ತೀನಿ.

2012ರ ಹೊತ್ತಿಗೆ ಆಟ ಬಿಟ್ಟುಹೋಯಿತು. ಯಾಕಂದ್ರೆ ಆ ವರ್ಷ ನಿಜವಾದ ಹೊಲದ ಹಿಂದೆ ಬಿದ್ದೆ. ಅಪ್ಪನಿಗೆ ಸರ್ಕಾರದಿಂದ ಎರಡು ಎಕರೆ ಮಂಜೂರಾಗಿತ್ತು. ನಾನು ಐದನೇ ಕ್ಲಾಸಲ್ಲಿದ್ದಾಗ ಆಸ್ಪತ್ರೆ ಖರ್ಚಿಗೆ ಅಂತ ಅದನ್ನು ಮಾರಿದ್ದರು. ಸರ್ಕಾರದ ಅನುಮತಿ ಇಲ್ಲದೆ ಅಂಥ ಜಮೀನು ಪರಭಾರೆ ಆಗುವಂತಿಲ್ಲ ಅಂತ 1978ರ ಪಿಟಿಸಿಎಲ್ ಕಾಯ್ದೆ ಹೇಳುತ್ತೆ. ಅದು ನಮ್ಮಪ್ಪನಿಗೂ ಗೊತ್ತಿರಲಿಲ್ಲ. ಕೊಂಡವರಿಗೆ ಗೊತ್ತಿತ್ತೋ ಇಲ್ಲವೋ, ಅವರೇ ಹೇಳಬೇಕು. ಅರ್ಜಿ ಹಾಕಿದೆ. ತಾರೀಕಿನ ಮೇಲೆ ತಾರೀಕು. ಅವ್ವ 2014ರಲ್ಲಿ ತೀರಿಕೊಂಡರು. 2017ರಲ್ಲಿ ಸುಪ್ರೀಂ ಕೋರ್ಟು, ಇಂಥ ಅರ್ಜಿಗಳನ್ನು ನ್ಯಾಯೋಚಿತ ಕಾಲಾವಧಿಯೊಳಗೆ ಹಾಕಿರಬೇಕು ಅಂತ ತೀರ್ಪು ಕೊಟ್ಟಿತು. ನಮ್ಮದು ತಡ ಆಗಿದೆ ಅಂತ ವಜಾ ಆಯಿತು.

ಈಗ 2020ಕ್ಕೆ ಬರ್ತೀನಿ. ಸೆಪ್ಟೆಂಬರ್ 2ರಂದು ಕೇಂದ್ರ ಸರ್ಕಾರ 118 ಆ್ಯಪ್‌ಗಳನ್ನು ನಿಷೇಧಿಸಿತು, ಅದರಲ್ಲಿ ಪಬ್ಜಿ ಮೊಬೈಲ್ ಕೂಡ ಇತ್ತು. ಅಕ್ಕನ ಮಗ ಊಟ ಬಿಟ್ಟು ಕೂತ. "ಮಾವ, ಎರಡು ವರ್ಷ ಆಡಿದ್ದೆಲ್ಲ ಹೋಯ್ತು" ಅಂದ. ನಾನು ಬೈದೆ. ಕೊರೊನಾದಲ್ಲಿ ಜನ ಸಾಯ್ತಾವ್ರೆ, ನಿನಗೆ ಆಟದ ಚಿಂತೆ ಅಂತ. ಅದೇ ತಿಂಗಳ ಕೊನೆಯಲ್ಲಿ ಫಾರ್ಮ್‌ವಿಲ್ ಡಿಸೆಂಬರ್ 31ಕ್ಕೆ ಮುಚ್ಚುತ್ತೆ ಅಂತ ಸುದ್ದಿ ಓದಿದೆ. ಆಟ ನಡೀತಿದ್ದುದು ಅಡೋಬಿ ಫ್ಲ್ಯಾಶ್ ಅನ್ನೋ ತಂತ್ರಾಂಶದ ಮೇಲೆ, ಆ ಫ್ಲ್ಯಾಶೇ ಅವತ್ತಿಗೆ ನಿಂತುಹೋಗ್ತಿತ್ತು. ಹುಡುಗನನ್ನು ಬೈದ ನಾನು ಅವತ್ತು ಊಟ ಮಾಡಿದ್ನೋ ಇಲ್ವೋ ನೆನಪಿಲ್ಲ.

ಆಟದ ಮೇಲಿನ ಆಸೆ ಅಲ್ಲ ಅದು. ಅವ್ವ ಹೇಳಿ ಬಿಡಿಸಿದ ಬದು, ನಡುವೆ ಇಡಿಸಿದ ಮನೆ ಅಲ್ಲೇ ಇದೆಯಲ್ಲ, ಒಂದ್ಸಲ ನೋಡಬೇಕು ಅನ್ನಿಸಿತು. ಫೋನಲ್ಲಿ ತೆರೆಯಲಿಲ್ಲ. ಹಳೇ ಕಂಪ್ಯೂಟರ್ ಎಂದೋ ಗುಜರಿಗೆ ಹೋಗಿತ್ತು. ಆಮೇಲೆ ಗ್ರಾಮ ಪಂಚಾಯಿತಿ ಚುನಾವಣೆ, ನಮ್ಮ ಹುಡುಗರು ನಿಂತಿದ್ದರು, ಓಡಾಟ. ಎರಡನೇ ಹಂತದ ಮತದಾನ ಮುಗಿದ ಮೇಲೆ, ಡಿಸೆಂಬರ್ 29ರ ಸಂಜೆ, ಒಂದು ಸೈಬರ್ ಸೆಂಟರಿನಲ್ಲಿ ಕೂತೆ. ಪಾಸ್‌ವರ್ಡ್ ಮೂರು ಸಲ ತಪ್ಪಿತು. ಆಮೇಲೆ ತೆರೆಯಿತು.

ಬೆಳೆ ಎಲ್ಲ ಒಣಗಿ ಕಂದು ಬಣ್ಣಕ್ಕೆ ತಿರುಗಿತ್ತು. ಎಂಟು ವರ್ಷ ಯಾರೂ ಬಂದಿರಲಿಲ್ಲ. ಆದರೆ ಮರಗಳು ಹಾಗೇ ಇದ್ದವು. ಬದು ಇತ್ತು. ಗುಲಾಬಿ ಹಸು ಇತ್ತು. ನಡುವೆ ಮನೆ ಇತ್ತು. ಒಣಗಿದ್ದನ್ನೆಲ್ಲ ಉತ್ತು ತೆಗೆದು ಇಡೀ ಹೊಲಕ್ಕೆ ಭತ್ತ ಹಾಕಿದೆ. ಫೋನಲ್ಲಿ ಪರದೆಯ ಒಂದು ಫೋಟೋ ತೆಗೆದೆ. ನಾಳೆ ಬಂದು ಕೊಯ್ತೀನಿ ಅಂದ್ಕೊಂಡು ಎದ್ದೆ. 30ರಂದು ಮತ ಎಣಿಕೆ. 31ರಂದು ಜನವರಿ ಒಂದರ ಭೀಮಾ ಕೋರೆಗಾಂವ್ ಕಾರ್ಯಕ್ರಮದ ಬ್ಯಾನರು, ಶಾಮಿಯಾನ. ಹೋಗಲಾಗಲಿಲ್ಲ. ಆ ಭತ್ತ ಕೊಯ್ಯಲೇ ಇಲ್ಲ.

ಕಂಪನಿ ಮೇಲೆ ನನಗೆ ಸಿಟ್ಟಿಲ್ಲ. ಮೂರು ತಿಂಗಳು ಮೊದಲೇ ಹೇಳಿ ಮುಚ್ಚಿದರು. ಪ್ರಶ್ನೆ ಬೇರೆ ಇದೆ. ಹಳೇ ಫ್ಲ್ಯಾಶ್ ಆಟಗಳಲ್ಲಿ ಎಷ್ಟೋ ಇವತ್ತಿಗೂ ಉಳಿದಿವೆ. ಇಂಟರ್ನೆಟ್ ಆರ್ಕೈವ್‌ನವರು ಅವನ್ನು ಜೋಪಾನ ಮಾಡಿ ಆಡಲು ಇಟ್ಟಿದ್ದಾರೆ. ಅವು ಪೂರ್ತಿ ನಮ್ಮ ಕಂಪ್ಯೂಟರಿಗೇ ಇಳಿದು ಓಡುವಂಥವು. ಫಾರ್ಮ್‌ವಿಲ್ ಹಾಗಲ್ಲ. ನಮ್ಮ ಪರದೆಗೆ ಬರ್ತಿದ್ದುದು ಚಿತ್ರ ಮಾತ್ರ, ಹೊಲದ ಲೆಕ್ಕ ಕಂಪನಿಯ ಸರ್ವರಿನಲ್ಲಿ. ನಾಳೆ ಯಾರಾದರೂ ಆ ಆಟವನ್ನೇ ಹೊಸದಾಗಿ ಕಟ್ಟಿದರೂ ನನಗೆ ಸಿಗೋದು ಖಾಲಿ ಜಮೀನು. ಅವ್ವನ ಬದು ಅಲ್ಲಿರಲ್ಲ. ಅಕ್ಕನ ಮಗ ಅದೃಷ್ಟವಂತ. 2021ರ ಜುಲೈನಲ್ಲಿ ಪಬ್ಜಿ ಬೇರೆ ಹೆಸರಲ್ಲಿ, ಬಿಜಿಎಂಐ ಅಂತ ವಾಪಸ್ ಬಂದಾಗ ಹಳೇ ಖಾತೆಯಲ್ಲಿದ್ದುದನ್ನು ಅದಕ್ಕೆ ವರ್ಗಾಯಿಸಿಕೊಳ್ಳಲು ಅವಕಾಶ ಕೊಟ್ಟರು. ಅವನ ಖಾತೆ ಬದಲಾವಣೆ ಒಂದೇ ದಿನದಲ್ಲಿ ಆಯಿತು!

ಈ ಬಗ್ಗೆ ಹೊರಗಿನ ದೇಶಗಳಲ್ಲಿ ಹೋರಾಟವೇ ನಡೆದಿದೆ. 'ಸಿಟಿ ಆಫ್ ಹೀರೋಸ್' ಅನ್ನೋ ಆಟ 2012ರ ನವೆಂಬರ್ 30ಕ್ಕೆ ಮುಚ್ಚಿತು. ಮುಚ್ಚುವ ಸುದ್ದಿ ಬಂದಾಗ ಆಟಗಾರರು ಆಟದ ಊರಿನೊಳಗೇ ಪಂಜು ಹಿಡಿದು ಪ್ರತಿಭಟನೆ ಮಾಡಿದ್ದರು. ಅಭಿಮಾನಿಗಳು ಬಿಡದೆ ತಾವೇ ಸರ್ವರ್ ನಡೆಸಿ, ಕೊನೆಗೆ 2024ರಲ್ಲಿ ಕಂಪನಿಯಿಂದಲೇ ಅಧಿಕೃತ ಅನುಮತಿ ಪಡೆದರು. ಅದೇ 2024ರ ಮಾರ್ಚ್ 31ಕ್ಕೆ 'ದಿ ಕ್ರೂ' ಅನ್ನೋ ಕಾರ್ ರೇಸಿನ ಆಟದ ಸರ್ವರ್ ಬಂದ್ ಆಯಿತು. ದುಡ್ಡು ಕೊಟ್ಟು ಕೊಂಡವರಿಗೂ ಆಡಲಾಗದಂತಾಯಿತು. ಆಗ ರಾಸ್ ಸ್ಕಾಟ್ ಅನ್ನೋ ಯೂಟ್ಯೂಬರ್ 'ಸ್ಟಾಪ್ ಕಿಲ್ಲಿಂಗ್ ಗೇಮ್ಸ್' ಚಳವಳಿ ಶುರು ಮಾಡಿದರು. ಯುರೋಪಿನಲ್ಲಿ ಅವರ ಮನವಿಗೆ ಬಿದ್ದ ಸಹಿ 2025ರ ಜುಲೈನಲ್ಲಿ 10 ಲಕ್ಷ ದಾಟಿತು. ಕ್ಯಾಲಿಫೋರ್ನಿಯಾದಲ್ಲಿ 2025ರಿಂದ ಒಂದು ಕಾನೂನು ಇದೆ. ನೀವು ಕೊಳ್ಳುತ್ತಿರುವುದು ವಸ್ತುವನ್ನಲ್ಲ, ಬರೀ ಲೈಸೆನ್ಸು ಅಂತ ಗ್ರಾಹಕನಿಗೆ ಅಂಗಡಿ ಸ್ಪಷ್ಟವಾಗಿ ಹೇಳಬೇಕು.

ಇದನ್ನು ಓದಿದಾಗ ನನಗೆ ನಗು ಬಂತು. ಷರತ್ತನ್ನು ಓದದೆ ಒತ್ತಿದ ಆ ಲಕ್ಷಾಂತರ ಜನರೂ, ಮಂಜೂರಾತಿ ಷರತ್ತು ಏನು ಅಂತ ಯಾರೂ ಓದಿ ಹೇಳದ ನಮ್ಮಪ್ಪನೂ ಒಂದೇ ಸಾಲಲ್ಲಿ ನಿಂತಂಗೆ ಕಂಡರು. ಆದರೆ ಎರಡೂ ಒಂದೇ ಅಲ್ಲ, ಅದನ್ನೂ ಹೇಳಬೇಕು. ಆಟ ಹೋದರೆ ಹೊಟ್ಟೆ ಹಸಿಯಲ್ಲ. ಅಪ್ಪನ ಎರಡು ಎಕರೆ ಹೋದದ್ದಕ್ಕೆ ಅವ್ವ ಬೇರೆಯವರ ಗದ್ದೆಯಲ್ಲಿ ಬಗ್ಗಿದರು, ಮಂಡಿ ಸವೆಸಿಕೊಂಡರು. ಆಟದ ಹೊಲ ಮತ್ತೆ ಬರಲ್ಲ, ಅದಕ್ಕೆ ಯಾವ ಅರ್ಜಿಯೂ ಇಲ್ಲ. ಆ ಎರಡು ಎಕರೆ ಮಾತ್ರ ಎಲ್ಲೂ ಹೋಗಿಲ್ಲ, ಇದ್ದಲ್ಲೇ ಇದೆ. ಊರಿಗೆ ಹೋಗುವಾಗ ಬಸ್ಸಿನ ಎಡಗಡೆ ಕಿಟಕಿಯಿಂದ ಕಾಣುತ್ತೆ.

ಬೆಂಗಳೂರಿನಲ್ಲಿ ಎಷ್ಟೋ ದಿನ ಧರಣಿ ಕೂತ ಮೇಲೆ 2023ರಲ್ಲಿ ಪಿಟಿಸಿಎಲ್ ಕಾಯ್ದೆಗೆ ತಿದ್ದುಪಡಿ ಆಯಿತು, ಅರ್ಜಿಗೆ ಕಾಲಮಿತಿ ಇಲ್ಲ ಅಂತ. ನಾನು ಮತ್ತೆ ಅರ್ಜಿ ಹಾಕಿದ್ದೀನಿ. ಕೇಸು ನಡೀತಿದೆ. ಗೆಲ್ತೀನೋ ಇಲ್ವೋ ಗೊತ್ತಿಲ್ಲ. ಗೆದ್ದರೆ ಮನೆ ಎಲ್ಲಿ ಕಟ್ಟಬೇಕು ಅಂತ ಮಾತ್ರ ಗೊತ್ತು.

ಆ ಫೋಟೋ ಕೆಳಗೆ ಹಾಕಿದ್ದೀನಿ. ಪರದೆ ಮೇಲೆ ಗೆರೆ ಬಿದ್ದು ಸರಿಯಾಗಿ ಕಾಣಲ್ಲ, ಮನೆ ಮಾತ್ರ ತಿಳಿಯುತ್ತೆ. ನಮ್ಮ ಟ್ರಂಕಿನಲ್ಲಿರೋ ಅಪ್ಪನ ಸಾಗುವಳಿ ಚೀಟಿಯೂ ಹೀಗೇ ಮಡಿಕೆ ಬಿದ್ದು ಅರ್ಧ ಅಳಿಸಿದೆ.

ಎರಡು ವಿನಂತಿ. ಒಂದು, 2010-11ರಲ್ಲಿ ಫಾರ್ಮ್‌ವಿಲ್‌ನಲ್ಲಿ ನನ್ನ ನೆರೆಯವರಾಗಿದ್ದವರು ಇಲ್ಲಿ ಕೆಲವರಾದರೂ ಇದ್ದೀರಿ. ನಮ್ಮ ಹೊಲಕ್ಕೆ ಬಂದಾಗ ಯಾರಾದರೂ ಸ್ಕ್ರೀನ್‌ಶಾಟ್ ತೆಗೆದಿದ್ದರೆ ದಯವಿಟ್ಟು ಕಳಿಸಿ. ಬೆಳೆ ಇದ್ದಾಗಿನದು ಒಂದೂ ನನ್ನ ಹತ್ತಿರ ಇಲ್ಲ. ಎರಡು, ಬರುವ ಭಾನುವಾರ ಬೆಳಗ್ಗೆ 10ಕ್ಕೆ ಅಂಬೇಡ್ಕರ್ ಭವನದಲ್ಲಿ ಭೂದಾಖಲೆ ನೋಡುವ ಶಿಬಿರ ಇದೆ. ಮನೆಯಲ್ಲಿರುವ ಸಾಗುವಳಿ ಚೀಟಿ, ಹಳೇ ಪಹಣಿ, ಹರಿದಿದ್ದರೂ ಪರವಾಗಿಲ್ಲ, ತಗೊಂಡು ಬನ್ನಿ. ಕೂತು ಓದಿ ಹೇಳ್ತೀವಿ. ದುಡ್ಡು ಕಾಸು ಏನೂ ಬೇಡ.

ಜೈ ಭೀಮ್.