ಚಂದ್ರಂಪಳ್ಳಿಯಿಂದ ಸನ್ನತಿಗೆ: ಊರು ಬಿದ್ದ ಮೇಲಿನ ದಾರಿ

ಕಲಬುರಗಿ ಜಿಲ್ಲೆ ಎಂದರೆ ಬಿಸಿಲು, ಬಯಲು, ತೊಗರಿ ಎಂದಷ್ಟೇ ತಿಳಿದವರನ್ನು ಶ್ರಾವಣದಲ್ಲಿ ಒಮ್ಮೆ ಚಂದ್ರಂಪಳ್ಳಿ ಡ್ಯಾಮಿನ ಮೇಲೆ ತಂದು ನಿಲ್ಲಿಸಬೇಕು. ಚಿಂಚೋಳಿ ದಾಟುತ್ತಿದ್ದಂತೆ ಎರೆಹೊಲಗಳು ಹಿಂದೆ ಸರಿದು ಕೆಂಪು ಮಣ್ಣು ಕಾಣಿಸಿಕೊಳ್ಳುತ್ತದೆ. ರಸ್ತೆ ಏರುತ್ತದೆ, ಬಳಸುತ್ತದೆ, ಇಳಿಯುತ್ತದೆ. ಒಂದು ತಿರುವಿನಾಚೆ ಗುಡ್ಡಗಳ ನಡುವೆ ನೀರೇ ನೀರು. ಸರನಾಲಾ ಹಳ್ಳಕ್ಕೆ ಅಡ್ಡ ಕಟ್ಟಿದ ಒಡ್ಡಿನ ಹಿಂದೆ ಅದು ಗುಡ್ಡಗಳ ಸಂದುಸಂದಿಗೆಲ್ಲ ಕೈಚಾಚಿ ಹರಡಿಕೊಂಡಿದೆ. ದಡದ ಮರಗಳು ಬುಡ ಮುಳುಗಿಸಿಕೊಂಡು ನಿಂತಿವೆ. ಎಲ್ಲಿ ನೋಡಿದರೂ ಹಸಿರು, ಅದರ ಮೇಲೆ ಸಾಗುವ ಮೋಡದ ನೆರಳು.

“ಮಾಮಾ, ಇದು ಜಾಕ್ಸನ್!” ಎಂದು ಅಕ್ಕನ ಮಗ ಕೂಗಿದ.

ಅವನು ಹೇಳಿದ ಜಾಕ್ಸನ್ ಅಮೆರಿಕದ ವಯೋಮಿಂಗ್ ರಾಜ್ಯದ ಊರು. ನಾವಿಬ್ಬರೂ ಅದನ್ನು ಕಂಡಿದ್ದು ವಾಡಿಯ ಅಕ್ಕನ ಮನೆಯ ಟಿವಿಯಲ್ಲಿ, ಗೂಡ್ಸ್ ಗಾಡಿಗಳ ಸದ್ದಿನ ನಡುವೆ, ‘ದಿ ಲಾಸ್ಟ್ ಆಫ್ ಅಸ್ ಪಾರ್ಟ್ 2’ ಎಂಬ ವಿಡಿಯೊ ಗೇಮಿನಲ್ಲಿ. ನಾಟಿ ಡಾಗ್ ಸಂಸ್ಥೆ ಇದರ ಮೊದಲ ಭಾಗವನ್ನು 2013ರಲ್ಲಿ, ಎರಡನೆಯದನ್ನು 2020ರ ಜೂನ್ 19ರಂದು ಹೊರತಂದಿತು. ಒಂದು ಶಿಲೀಂಧ್ರ ಮನುಷ್ಯರ ಮೈಹೊಕ್ಕು ಅವರನ್ನು ಕಚ್ಚುವ, ಕೊಲ್ಲುವ ಜೀವಗಳನ್ನಾಗಿ ಮಾಡಿದೆ. ಸರ್ಕಾರಗಳು ಕುಸಿದಿವೆ, ಶಹರಗಳು ಬರಿದಾಗಿವೆ. ಅಂಥ ಲೋಕದಲ್ಲಿ ಜಾಕ್ಸನ್ ಜನ ಹಳೆಯ ಅಣೆಕಟ್ಟನ್ನು ರಿಪೇರಿ ಮಾಡಿ, ವಿದ್ಯುತ್ ಹರಿಸಿ, ಮತ್ತೆ ಊರು ಕಟ್ಟಿಕೊಂಡಿದ್ದಾರೆ. ಕುದುರೆ ಸಾಕುತ್ತಾರೆ, ಚಳಿಗಾಲದಲ್ಲಿ ಕೂಡಿ ಕುಣಿಯುತ್ತಾರೆ. ಕಥೆಯ ನಾಯಕಿ, ‘ಎಲ್ಲಿ’ ಎಂಬ ಹೆಸರಿನ ಹುಡುಗಿ, ಹೊರಡುವುದು ಈ ಊರಿನಿಂದಲೇ.

ಚಂದ್ರಂಪಳ್ಳಿಯ ನೀರು ಹೊಲಕ್ಕೆ ಹೋಗುತ್ತದೆ, ಕರೆಂಟಿಗಲ್ಲ. ಆದರೂ ಹುಡುಗ ಕಂಡದ್ದು ನಿಜವೇ. ನೀರನ್ನು ತಡೆದು ನಿಲ್ಲಿಸಿ, ಪಾಳಿಯ ಮೇಲೆ ಕಾದು, ಹಂಚಿಕೊಂಡಲ್ಲಿ ಊರು ಉಳಿಯುತ್ತದೆ. ಎಲ್ಲ ಮುಗಿದ ಮೇಲೆ ಜನ ಬದುಕುವುದು ಹೇಗೆಂದು ಆಟ ಕೇಳುತ್ತಿತ್ತು. ಆ ಪ್ರಶ್ನೆಯನ್ನು ಜೊತೆಗಿಟ್ಟುಕೊಂಡು ನಾವು ಚಿಂಚೋಳಿಯಿಂದ ಸೇಡಂ, ಶಹಾಬಾದ್, ವಾಡಿ ಹಾದು ಭೀಮಾ ತೀರದವರೆಗೆ ಹೋದೆವು. ದಾರಿಯುದ್ದಕ್ಕೂ ಈ ನೆಲ ಉತ್ತರ ಹೇಳುತ್ತಲೇ ಬಂತು.

ಒಡ್ಡಿನಿಂದ ಇಳಿದರೆ ಚಿಂಚೋಳಿ ವನ್ಯಜೀವಿಧಾಮ. 2011ರಲ್ಲಿ ಘೋಷಣೆಯಾದ, 134.88 ಚದರ ಕಿಲೋಮೀಟರ್ ಹರವಿನ ಕುರುಚಲು ಅಡವಿ. ದಕ್ಷಿಣ ಭಾರತದ ಮೊದಲ ಒಣನಾಡ ವನ್ಯಜೀವಿಧಾಮ ಎಂಬ ಹೆಸರು ಇದಕ್ಕಿದೆ. ಸಾಗುವಾನಿ, ಶ್ರೀಗಂಧ, ರಕ್ತಚಂದನ, ಲೆಕ್ಕವಿಲ್ಲದಷ್ಟು ಔಷಧಿ ಗಿಡಗಳು. ತೋಳ, ಕತ್ತೆಕಿರುಬ, ನರಿ, ಕೃಷ್ಣಮೃಗ, ಕೊಂಡಕುರಿ ಈ ಗುಡ್ಡಗಳಲ್ಲಿ ಇನ್ನೂ ತಿರುಗುತ್ತವೆ. ನಮಗೆ ಕಂಡದ್ದು ಹೆಜ್ಜೆಗುರುತುಗಳು ಮಾತ್ರ. ಅಷ್ಟಕ್ಕೇ ಮೈ ಝುಂ ಎಂದಿತು. ಆಡು ಮೇಯಿಸುತ್ತಿದ್ದ ಹಿರಿಯರೊಬ್ಬರು ನಮ್ಮ ಬೆರಗು ನೋಡಿ ನಕ್ಕರು.

“ಬ್ಯಾಸಗ್ಯಾಗ ಬಂದಿದ್ರ ಇಲ್ಲಿ ಏನೂ ಇಲ್ಲ ಅಂತ ಹೊಳ್ಳಿ ಹೋಗ್ತಿದ್ರಿ. ಎಲಿ ಉದುರಿ ಎಲ್ಲಾ ಸತ್ತಂಗ ಕಾಣ್ತದ. ಒಂದು ದೊಡ್ಡ ಮಳಿ ಬಿದ್ರ ಸಾಕು ನೋಡ್ರಿ, ಗುರುತಾ ಸಿಗಂಗಿಲ್ಲ.”

ಸತ್ತಂತೆ ಕಂಡು ಸಾಯದಿರುವುದು ಈ ಅಡವಿಯ ವಿದ್ಯೆ. ಎಲೆ ಉದುರಿಸಿ ನೀರು ಉಳಿಸುತ್ತದೆ, ಬೇರಿನಲ್ಲಿ ಜೀವ ಹಿಡಿದು ಕಾಯುತ್ತದೆ.

ಸಾಗುವಾನಿ ಗಿಡಗಳ ನಡುವೆ ಎದೆಯೆತ್ತರದ ಹುತ್ತಗಳಿದ್ದವು. ಒಂದರ ಮಗ್ಗುಲಲ್ಲಿ ಬಿಳಿ ಅಣಬೆಗಳು ಛತ್ರಿ ಬಿಚ್ಚಿದ್ದವು. ಹುಡುಗ ಹಿಂದೆ ಸರಿದ. ಆ ಆಟ ಆಡಿದವರಿಗೆ ಅಣಬೆ ಕಂಡರೆ ಹಾಗಾಗುವುದು ಸಹಜ. ಆ ಭಯದ ಬುಡದಲ್ಲಿ ನಿಜದ ಜೀವವಿಜ್ಞಾನವೇ ಇದೆ. ಓಫಿಯೊಕಾರ್ಡಿಸೆಪ್ಸ್ ಎಂಬ ಶಿಲೀಂಧ್ರ ಉಷ್ಣವಲಯದ ಕಾಡುಗಳಲ್ಲಿ ಇರುವೆಯ ಮೈಹೊಗುತ್ತದೆ. ಇರುವೆ ಗೂಡು ಬಿಟ್ಟು ಹೊರಟು, ಗಿಡ ಹತ್ತಿ, ಎಲೆಯ ನರವನ್ನು ಕಚ್ಚಿ ಹಿಡಿದು ಅಲ್ಲೇ ಸಾಯುತ್ತದೆ. ಆಮೇಲೆ ಅದರ ತಲೆಯಿಂದ ಶಿಲೀಂಧ್ರದ ಕಾಂಡ ಮೇಲೆದ್ದು ಕೆಳಗೆ ಬೀಜಕಣ ಉದುರಿಸುತ್ತದೆ. 2017ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾದ ಸಂಶೋಧಕರು ಇನ್ನೂ ವಿಚಿತ್ರವಾದ ಸಂಗತಿ ಕಂಡರು: ಶಿಲೀಂಧ್ರ ಇರುವೆಯ ಸ್ನಾಯುಗಳ ಸುತ್ತ ಬಲೆ ಹೆಣೆಯುತ್ತದೆ, ಮಿದುಳಿನೊಳಗೆ ಕಾಲಿಡುವುದಿಲ್ಲ. ಬಿಬಿಸಿಯ ‘ಪ್ಲಾನೆಟ್ ಅರ್ಥ್’ ಸರಣಿಯಲ್ಲಿ ಇಂಥ ಇರುವೆಯನ್ನು ಕಂಡದ್ದೇ ಆಟದ ಕರ್ತೃಗಳಿಗೆ ಕಥೆಯ ಬೀಜವಾಯಿತು.

ಆದರೆ ನಮ್ಮೆದುರಿನ ಹುತ್ತದ ಕಥೆ ಬೇರೆ. ಹುತ್ತದ ಅಣಬೆಯನ್ನು ಗೆದ್ದಲುಗಳೇ ಬೆಳೆಯುತ್ತವೆ. ಒಣಸೊಪ್ಪು, ಕಟ್ಟಿಗೆ ತಿಂದು ತಂದು ಒಳಗೆ ತೋಟದ ಮಡಿ ಕಟ್ಟುತ್ತವೆ. ಆ ಮಡಿಯಲ್ಲಿ ಶಿಲೀಂಧ್ರ ಬೆಳೆದು, ಗೆದ್ದಲಿಗೆ ಅರಗದ್ದನ್ನು ಅರಗಿಸಿ, ಅವಕ್ಕೆ ಆಹಾರವಾಗುತ್ತದೆ. ಮನುಷ್ಯ ಬೇಸಾಯ ಕಲಿಯುವುದಕ್ಕೆ ಕೋಟ್ಯಂತರ ವರ್ಷ ಮೊದಲಿಂದ ನಡೆದ ಒಕ್ಕಲುತನ ಇದು. ಒಂದು ಶಿಲೀಂಧ್ರ ಇರುವೆಯನ್ನು ಬಳಸಿ ಬಿಸಾಡುತ್ತದೆ, ಅದರ ದೂರದ ನೆಂಟ ಗೆದ್ದಲಿನ ಜೊತೆ ಕೂಡಿ ಉಣ್ಣುತ್ತದೆ. ಬದುಕಿ ಉಳಿಯಲು ಈ ಎರಡೂ ದಾರಿಗಳಿವೆ. ಅಡವಿಯೊಳಗಿನ ಲಂಬಾಣಿ ತಾಂಡಾಗಳಲ್ಲಿ ಸಣ್ಣ ಸಣ್ಣ ಹೊಲಗಳ ನಡುವೆ ಹಾದು ಬರುವಾಗ ಎರಡನೆಯ ದಾರಿ ನನಗೆ ಹೆಚ್ಚು ಹೆಚ್ಚು ನಿಚ್ಚಳವಾಯಿತು. ತಾಂಡಾದಲ್ಲಿ ಯಾರೋ ಕೈಗಿಟ್ಟ ಜೋಳದ ರೊಟ್ಟಿ, ಶೇಂಗಾ ಹಿಂಡಿ ತಿಂದು ನಾವು ಸೇಡಂ ದಾರಿ ಹಿಡಿದೆವು.

ಸೇಡಂ ತಾಲ್ಲೂಕಿನ ಮಳಖೇಡ ಕಾಗಿಣಾ ನದಿಯ ದಂಡೆಯ ಮೇಲಿದೆ. ಇದು ರಾಷ್ಟ್ರಕೂಟರ ಮಾನ್ಯಖೇಟ. ಅಮೋಘವರ್ಷ ನೃಪತುಂಗ ಆಳಿದ ರಾಜಧಾನಿ. ‘ಕವಿರಾಜಮಾರ್ಗ’ ಹುಟ್ಟಿದ ಆಸ್ಥಾನ. ಮಹಾವೀರಾಚಾರ್ಯ ‘ಗಣಿತಸಾರಸಂಗ್ರಹ’ ಬರೆದ ಕಾಲ. ಈ ದೊರೆಯನ್ನು 9ನೇ ಶತಮಾನದ ಅರಬ್ ಬರಹಗಳು ಲೋಕದ ನಾಲ್ಕು ದೊಡ್ಡ ಅರಸರಲ್ಲಿ ಒಬ್ಬನೆಂದು ಎಣಿಸಿದವು. ಈಗ ಅಲ್ಲಿ ನಿಂತರೆ ಕೋಟೆಯ ಗೋಡೆ, ಬುರುಜು, ನೇಮಿನಾಥ ಬಸದಿ, ನದಿಯ ಗಾಳಿ, ಆಚೆ ಸಿಮೆಂಟು ಕಾರ್ಖಾನೆಯ ಎತ್ತರದ ಚಿಮಣಿ.

ಆಟದಲ್ಲಿ ಬರುವ ಸಿಯಾಟಲ್ ಶಹರ ನೆನಪಾಗದೆ ಇರಲಿಲ್ಲ. ಅಲ್ಲಿ ಗಾಜಿನ ಗೋಪುರಗಳಿಗೆ ಬಳ್ಳಿ ಹಬ್ಬಿದೆ, ನಡುಬೀದಿಯಲ್ಲಿ ನದಿ ಧುಮುಕುತ್ತದೆ, ಸದಾ ಮಳೆ. ಯಾರೂ ನೋಡಿಕೊಳ್ಳದೆ ಬಿಟ್ಟ ಶಹರವನ್ನು ಗಿಡಮರ ಹೇಗೆ ಹಿಂಪಡೆಯುತ್ತವೆ ಎಂಬುದನ್ನು ಚಿತ್ರಕಾರರು ಎಲೆ ಎಲೆಯಾಗಿ ಬಿಡಿಸಿದ್ದಾರೆ. ಮಾನ್ಯಖೇಟಕ್ಕೆ ಬಂದದ್ದು ಸೋಂಕಲ್ಲ, ದಂಡು. 972ರಲ್ಲಿ ಮಾಳವದ ಪರಮಾರ ದೊರೆ ಸೀಯಕ ಇದನ್ನು ಕೊಳ್ಳೆ ಹೊಡೆದ. ಮರುವರ್ಷ ರಾಷ್ಟ್ರಕೂಟರ ಆಳ್ವಿಕೆಯೇ ಮುಗಿದು ಕಲ್ಯಾಣದ ಚಾಲುಕ್ಯರ ತೈಲಪ ಎದ್ದ. ಈ ಲೂಟಿಯ ವರ್ಷ ನಮಗೆ ಗೊತ್ತಾದ ಬಗೆ ಎಂಥದು! ಗೆದ್ದವರ ನಾಡಿನ ಧಾರಾನಗರದಲ್ಲಿ ಧನಪಾಲನೆಂಬ ಕವಿ ತನ್ನ ತಂಗಿ ಸುಂದರಿಗಾಗಿ ‘ಪಾಇಯಲಚ್ಛೀ’ ಎಂಬ ಪ್ರಾಕೃತ ನಿಘಂಟು ರಚಿಸಿದ. ಮಾನ್ಯಖೇಟ ಸೂರೆಯಾದ ವರ್ಷದಲ್ಲಿ ಇದನ್ನು ಬರೆದೆ ಎಂದು ಅದರ ಕೊನೆಯಲ್ಲಿ ಗುರುತಿಟ್ಟ. ಇತ್ತ ಮಾನ್ಯಖೇಟದಲ್ಲೇ ಕುಳಿತು ಅಪಭ್ರಂಶದಲ್ಲಿ ‘ಮಹಾಪುರಾಣ’ ಬರೆದಿದ್ದ ಪುಷ್ಪದಂತ ಊರು ಹಾಳಾದದ್ದಕ್ಕೆ ಮರುಗಿದ. ಅರಮನೆಯ ಬೊಕ್ಕಸ ಯಾರ ಪಾಲಾಯಿತೋ. ತಂಗಿಗೆ ಅಣ್ಣ ಕಟ್ಟಿಕೊಟ್ಟ ನಿಘಂಟು ಸಾವಿರ ವರ್ಷ ದಾಟಿ ನಮಗೆ ಸಿಕ್ಕಿದೆ. ಕನ್ನಡಿಗರಿಗೆ ‘ಕವಿರಾಜಮಾರ್ಗ’ ಸಿಕ್ಕಿದೆ.

ಮಳಖೇಡದಿಂದ ಶಹಾಬಾದ್ ಕಡೆಗೆ ಹೊರಟರೆ ನೆಲವೇ ಹಾಳೆ ಹಾಳೆಯಾಗುತ್ತದೆ. ಮನೆಯ ಗೋಡೆ ಫರಸಿ ಕಲ್ಲು, ಮಾಳಿಗೆ ಫರಸಿ ಕಲ್ಲು, ಹೊಲದ ಬೇಲಿಯೂ ನೆಟ್ಟ ಫರಸಿ ಕಲ್ಲೇ. ಐವತ್ತು ಕೋಟಿ ವರ್ಷಗಳಿಗೂ ಹಿಂದೆ ಇಲ್ಲಿ ಆಳವಿಲ್ಲದ ಕಡಲಿತ್ತು. ಅದರ ತಳದಲ್ಲಿ ಪದರಪದರವಾಗಿ ಕೂತ ಸುಣ್ಣದ ಕೆಸರು ಗಟ್ಟಿಯಾಗಿ ಈ ಕಲ್ಲಾಯಿತು. ಬಹಳ ಕಾಲದ ಮೇಲೆ, ಸುಮಾರು ಆರೂವರೆ ಕೋಟಿ ವರ್ಷಗಳ ಹಿಂದೆ, ಲಾವಾ ಹರಿದು ದಖನ್ನಿನ ಕಪ್ಪು ಕಲ್ಲು ಹಾಸಿತು. ಅದು ಸವೆದು ಎರೆಮಣ್ಣಾಯಿತು. ಆ ಮಣ್ಣಲ್ಲಿ ಬೆಳೆದ ತೊಗರಿಗೆ 2019ರಲ್ಲಿ ಭೌಗೋಳಿಕ ಗುರುತಿನ ಮನ್ನಣೆ ಸಿಕ್ಕಿತು. ಕೈಬಿಟ್ಟ ಗಣಿಗಳಲ್ಲಿ ಮಳೆನೀರು ನಿಂತು ತಿಳಿಹಸಿರು ಕೊಳಗಳಾಗಿವೆ. ಅಂಚಿನ ಮೆಟ್ಟಿಲು ಮೆಟ್ಟಿಲಾದ ಕಲ್ಲಿನಲ್ಲಿ ಹುಲ್ಲು ಬೇರು ಬಿಟ್ಟಿದೆ. ಪಕ್ಕದ ಗಣಿಯಲ್ಲೇ ಉಳಿಯ ಏಟು ಬೀಳುತ್ತಿದೆ. ಕೆಲಸಗಾರ ಕಲ್ಲಿನ ಎಳೆ ಹುಡುಕಿ ಉಳಿಯಿಟ್ಟು ಬಡಿದಾಗ ಆ ಹಳೆಯ ಕಡಲಿನ ತಳ ಒಂದು ಹಾಳೆಯಾಗಿ ಎದ್ದು ಬರುವುದನ್ನು ನೋಡುತ್ತ ನಾವು ಹೊತ್ತು ಮರೆತೆವು. ಮುಂದೆ ಸಿಗುವ ವಾಡಿ ಜಂಕ್ಷನ್ನಿನಿಂದ ನಿಜಾಮರ ಕಾಲದಲ್ಲಿ, 1874ರಲ್ಲಿ, ಸಿಕಂದರಾಬಾದಿಗೆ ಹೊರಟ ರೈಲುದಾರಿ ಇಂದಿಗೂ ದುಡಿಯುತ್ತಿದೆ.

ಅಲ್ಲಿಂದ ಸನ್ನತಿ. ಅಲ್ಲಿಗೆ ಹೋಗುವ ಮುನ್ನ ಆಟದ ಮುಖ್ಯ ಗಂಟನ್ನು ಬಿಚ್ಚಬೇಕು.

ಎಲ್ಲಿಯನ್ನು ಸಾಕಿದವನು ಜೋಯಲ್. ಅವನನ್ನು ಆಬ್ಬಿ ಎಂಬವಳು ಎಲ್ಲಿಯ ಕಣ್ಣೆದುರೇ ಕೊಲ್ಲುತ್ತಾಳೆ. ಸೇಡಿಗಾಗಿ ಎಲ್ಲಿ ಸಿಯಾಟಲ್‌ಗೆ ಹೋಗುತ್ತಾಳೆ. ಅವಳ ಕೈಯಲ್ಲಿ ಸತ್ತವರ ಹೆಸರು ಹಿಡಿದು ಜೊತೆಗಾರರು ಕೂಗುತ್ತಾರೆ. ಕೊಲ್ಲುವ ಗುರಿಯಷ್ಟೇ ಆಗಿದ್ದವನು ಒಮ್ಮೆಲೇ ಯಾರದೋ ಗೆಳೆಯನಾಗುತ್ತಾನೆ. ಮೂರು ದಿನಗಳ ಆ ಬೇಟೆ ತುದಿಗೆ ಬಂದಾಗ ಆಟ ಹಿಂದಕ್ಕೆ ಹೋಗಿ ಅದೇ ಮೂರು ದಿನಗಳನ್ನು ಆಬ್ಬಿಯಾಗಿ ಆಡಿ ಎನ್ನುತ್ತದೆ. ಆಗ ತಿಳಿಯುತ್ತದೆ: ಜೋಯಲ್ ಕೊಂದದ್ದು ಆಬ್ಬಿಯ ತಂದೆಯನ್ನು. ಹುಡುಗ ಮೊದಲು ಕಂಟ್ರೋಲರ್ ಕೆಳಗಿಟ್ಟು “ಇವಳಾಗಿ ನಾ ಆಡಂಗಿಲ್ಲ ಮಾಮಾ” ಎಂದಿದ್ದ. ಕೆಲವು ತಾಸು ಕಳೆದ ಮೇಲೆ ಆಬ್ಬಿಗೆ ಏಟು ಬಿದ್ದರೆ ಅವನೇ ಕಳವಳಪಡುತ್ತಿದ್ದ. ಕಡೆಗೆ ಕಡಲ ತಡಿಯಲ್ಲಿ ಎಲ್ಲಿಯ ಕೈಗೆ ಆಬ್ಬಿ ಸಿಕ್ಕುತ್ತಾಳೆ, ಎಲ್ಲಿ ಅವಳನ್ನು ಬಿಟ್ಟುಬಿಡುತ್ತಾಳೆ. ಅಷ್ಟರಲ್ಲಿ ಎಡಗೈಯ ಎರಡು ಬೆರಳು ಹೋಗಿವೆ. ಜೋಯಲ್ ಕಲಿಸಿದ ಗಿಟಾರು ಇನ್ನು ಸರಿಯಾಗಿ ನುಡಿಯುವುದಿಲ್ಲ. ಸೋಂಕಿತರಿಂದ ತಪ್ಪಿಸಿಕೊಳ್ಳುವುದು ಈ ಆಟದ ಸುಲಭದ ಭಾಗ. ಬದುಕುಳಿದ ಮೇಲೆ ಕೊಲ್ಲುವುದನ್ನು ನಿಲ್ಲಿಸುವುದೇ ಕಷ್ಟದ್ದು.

ಭೀಮಾ ತೀರದ ಸನ್ನತಿಯಲ್ಲಿ ಚಂದ್ರಲಾಂಬೆಯ ಗುಡಿಯಿದೆ. ಅದರ ಆವರಣದ ಕಾಳಿಗುಡಿಯ ಚಾವಣಿ 1986ರಲ್ಲಿ ಕುಸಿದು ಮೂರ್ತಿ ಮುರಿಯಿತು. ಮೂರ್ತಿಯ ಪೀಠವಾಗಿದ್ದ ಕಲ್ಲನ್ನು ನೋಡಿದರೆ ಎರಡೂ ಮೈಯಲ್ಲಿ ಬ್ರಾಹ್ಮಿ ಅಕ್ಷರಗಳು! ಎರಡು ಸಾವಿರದ ಇನ್ನೂರಕ್ಕೂ ಹೆಚ್ಚು ವರ್ಷಗಳ ಹಿಂದಿನ ಅಶೋಕನ ಶಾಸನ. ಹತ್ತಿರದ ಕನಗನಹಳ್ಳಿಯಲ್ಲಿ 1990ರ ದಶಕದಲ್ಲಿ ಪುರಾತತ್ವ ಇಲಾಖೆ ಅಗೆದಾಗ ಶಾತವಾಹನರ ಕಾಲದ ಮಹಾಸ್ತೂಪ ಎದ್ದಿತು. ಇಲ್ಲಿಯದೇ ಸುಣ್ಣಕಲ್ಲಿನ ಹಲಗೆಗಳ ಮೇಲೆ ಕೆತ್ತಿದ ಚಿತ್ರಗಳು. ನೂರಾರು ಸಣ್ಣ ಬರಹಗಳು. ಕಲ್ಲು ಕೊಟ್ಟ ಭಿಕ್ಷುಣಿಯರ, ಗೃಹಸ್ಥರ ಹೆಸರುಗಳು. ಒಂದು ಹಲಗೆಯ ಮೇಲೆ ರಾಣಿಯೊಡನೆ, ಛತ್ರಚಾಮರದ ಸೇವಕಿಯರ ನಡುವೆ ಒಬ್ಬ ಅರಸ ನಿಂತಿದ್ದಾನೆ. ಪಕ್ಕದಲ್ಲಿ ಬ್ರಾಹ್ಮಿಯಲ್ಲಿ ಕೊರೆದಿದೆ: ರಾಜ ಅಶೋಕ. ಹೆಸರು ಬರೆದ ಅಶೋಕನ ಚಿತ್ರವನ್ನು ಲೋಕಕ್ಕೆ ಕೊಟ್ಟದ್ದು ನಮ್ಮ ಕಲಬುರಗಿ ಜಿಲ್ಲೆಯ ಈ ಹೊಲ.

ಸನ್ನತಿಯ ಕಲ್ಲಿನಲ್ಲಿ ಉಳಿದಿರುವುದು ಅಶೋಕನ 12 ಮತ್ತು 14ನೇ ಶಾಸನಗಳು ಮತ್ತು ಕಳಿಂಗಕ್ಕೆಂದು ಬರೆಸಿದ ಎರಡು ಪ್ರತ್ಯೇಕ ಶಾಸನಗಳು. ಕಳಿಂಗದಲ್ಲಿ ಲಕ್ಷ ಜನರನ್ನು ಕೊಂದ ಯುದ್ಧದ ಮೇಲೆ ಆ ದೊರೆ ತನ್ನ ಅಧಿಕಾರಿಗಳಿಗೆ ಹೇಳಿದ ಮಾತು ಇಲ್ಲಿದೆ: ಎಲ್ಲ ಜನರೂ ತನಗೆ ಮಕ್ಕಳು, ವಿಚಾರಿಸದೆ ಯಾರನ್ನೂ ಸೆರೆಗೆ, ಹಿಂಸೆಗೆ ಒಡ್ಡಕೂಡದು. ತನ್ನ ಮತವನ್ನೇ ಹೊಗಳಿ ಇನ್ನೊಬ್ಬರದನ್ನು ಹಳಿಯದೆ, ನಾಲಿಗೆ ಹಿಡಿದು, ಪರರ ಮಾತನ್ನೂ ಕೇಳಬೇಕೆಂದು 12ನೇ ಶಾಸನ ಹೇಳುತ್ತದೆ. ಸಿಯಾಟಲ್‌ನಲ್ಲಿ ಎರಡು ಪಂಗಡಗಳು ಒಂದನ್ನೊಂದು ಮುಗಿಸಲು ಹೊರಟದ್ದನ್ನು ಆಡಿ ಬಂದ ಹುಡುಗ ಇದನ್ನು ಕೇಳಿ, “ಇವರೂ ಎರಡೂ ಕಡಿಯಿಂದ ಆಡ್ಯಾರ ಮಾಮಾ” ಎಂದ. ಅದಕ್ಕಿಂತ ಚೆನ್ನಾಗಿ ನನಗೂ ಹೇಳಲು ಬರುತ್ತಿರಲಿಲ್ಲ.

ನಿಮ್ಮ ಮನೆಯಲ್ಲೂ ಪರದೆಯ ಮೇಲೆ ಬಿದ್ದ ಶಹರಗಳಲ್ಲಿ ಅಲೆಯುವ ಮಕ್ಕಳಿದ್ದರೆ ಅವರನ್ನು ಗದರಿಸಬೇಡಿ. ಅಲ್ಲಿ ಏನು ಕಂಡೆ ಎಂದು ಕೇಳಿ. ಆಮೇಲೆ ಮಳೆಗಾಲದಲ್ಲಿ ಈ ದಾರಿಗೆ ಕರೆತನ್ನಿ. ಹುತ್ತದ ಮುಂದೆ, ಕಾಗಿಣಾ ದಂಡೆಯಲ್ಲಿ, ಗಣಿಯ ಅಂಚಿನಲ್ಲಿ ಅವರು ನಿಮಗಿಂತ ಮೊದಲು ನಿಲ್ಲುತ್ತಾರೆ, ನಿಮಗಿಂತ ಹೆಚ್ಚು ಕೇಳುತ್ತಾರೆ. ಊರು ಬಿದ್ದ ಮೇಲೂ ನೀರು ಕಟ್ಟಿದವರು, ಕಲ್ಲು ಕೊರೆದವರು, ತಂಗಿಗೆ ನಿಘಂಟು ಬರೆದವರು, ಎತ್ತಿದ ಕತ್ತಿ ಕೆಳಗಿಟ್ಟವರು ಇಲ್ಲಿ ಇದ್ದರೆಂದು ಅವರಿಗೆ ಗೊತ್ತಾಗಲಿ.